ಪುಟ್ಟ ಮಗುವಿನ ಮಧುಮೇಹ: ಮನೆಯ ಎಚ್ಚರ, ನೆರೆಯ ಹೊಣೆ

ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುವುದುಂಟೇ ಎಂದು ಅಚ್ಚರಿಪಡುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಮೂರು ನಾಲ್ಕು ವರ್ಷದ ಕೂಸಿಗೂ ಅದು ಬರುತ್ತದೆ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರುಕಳಿಸುವುದು, ತೂಕ ಇಳಿಯುವುದು ಇದರ ಲಕ್ಷಣಗಳು. ಇವುಗಳೊಂದಿಗೆ ವಾಂತಿ, ಹೊಟ್ಟೆನೋವು, ಏದುಸಿರು ಕಂಡುಬಂದರೆ ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಇಂಥ ಮನೆಗೆ ಸಾಂತ್ವನಕ್ಕಿಂತ ಮೊದಲು ದೂರು ಬಂದು ಸೇರುವುದನ್ನು ನಾವು ಕಂಡಿದ್ದೇವೆ. ತಾಯಿಯೇ ಸಿಹಿ ತಿನ್ನಿಸಿ ಕೆಡಿಸಿದಳೆಂದು ಬಂಧುಗಳು ಆಡಿಕೊಳ್ಳುತ್ತಾರೆ. ಕಾರಣ ಬೇರೆ, ದೋಷ ಬೇರೆ ಎಂಬ ವಿವೇಕ ನಮಗಿರಬೇಕು. ಒಂದನೆಯ ಬಗೆಯ ಮಧುಮೇಹದಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುತ್ತದೆ. ತಿಂದ ಸಿಹಿಯಾಗಲಿ ತಾಯಿಯ ಮುದ್ದಾಗಲಿ ಇದಕ್ಕೆ ಕಾರಣವಲ್ಲ.

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಇನ್ಸುಲಿನ್ ಕಂಡುಹಿಡಿಯುವವರೆಗೆ ಈ ರೋಗ ಮಕ್ಕಳ ಪಾಲಿಗೆ ಮರಣಶಾಸನವೇ ಆಗಿತ್ತು. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಆ ಚುಚ್ಚುಮದ್ದಿನಿಂದ ಚೇತರಿಸಿಕೊಂಡ. ಬ್ಯಾಂಟಿಂಗರ ಜನ್ಮದಿನವಾದ ನವೆಂಬರ್ 14 ವಿಶ್ವ ಮಧುಮೇಹ ದಿನ. ನಮ್ಮಲ್ಲಿ ಅದೇ ಮಕ್ಕಳ ದಿನ. ಹಾಗಲ ರಸವಾಗಲಿ ನಾಟಿ ಮದ್ದಾಗಲಿ ಇನ್ಸುಲಿನ್‌ಗೆ ಬದಲಿಯಲ್ಲ. ಪ್ರಾರ್ಥನೆ ಧೈರ್ಯ ನೀಡುತ್ತದೆ. ಆದರೆ ಹರಕೆ ಹೊತ್ತು ಮದ್ದು ನಿಲ್ಲಿಸುವುದು ವಿಶ್ವಾಸವಲ್ಲ, ಮಗುವಿನ ಜೀವದೊಡನೆ ಆಡುವ ಆಟ. ಜ್ವರ ಬಂದು ಊಟ ಬಿಟ್ಟ ದಿನವೂ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು. ಪ್ರಮಾಣವನ್ನು ವೈದ್ಯರೇ ಹೇಳಬೇಕು.

ಎಳೆಯ ಮಗುವಿನ ಆರೈಕೆ ಕಷ್ಟ. ಮದ್ದು ಚುಚ್ಚಿದ ಮೇಲೆ ಎರಡು ತುತ್ತಿಗೇ ಬಾಯಿ ಮುಚ್ಚಿಕೊಂಡರೆ ಸಕ್ಕರೆ ಕುಸಿಯುತ್ತದೆ. ಸಂಜೆ ಅತಿಯಾಗಿ ಆಡಿದರೆ ನಡುರಾತ್ರಿ ಕುಸಿಯಬಹುದು. ರಕ್ತದ ಸಕ್ಕರೆ ಸಾಮಾನ್ಯವಾಗಿ 70ರಿಂದ 180 ಮಿಲಿಗ್ರಾಮಿನ ನಡುವೆ ಇರಲೆಂಬುದು ಗುರಿ. ಮಗು ಬೆವರಿ, ನಡುಗಿ, ಕಾರಣವಿಲ್ಲದೆ ರಚ್ಚೆ ಹಿಡಿದರೆ ಕೂಡಲೇ ಪರೀಕ್ಷಿಸಬೇಕು. 70ಕ್ಕಿಂತ ಇಳಿದಿದ್ದರೆ ಪುಟ್ಟ ಮಗುವಿಗೆ ಒಂದೆರಡು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಗಳ ಬಳಿಕ ಮತ್ತೆ ನೋಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಮಲಗಿಸಿ, ಆಸ್ಪತ್ರೆಗೆ ಒಯ್ಯಬೇಕು.

ಎಷ್ಟೇ ಜಾಗರೂಕತೆ ವಹಿಸಿದರೂ ಅಂಕಿ ಏರುವುದುಂಟು, ಇಳಿಯುವುದುಂಟು. ಆ ಅಂಕಿ ಮುಂದೇನು ಮಾಡಬೇಕೆಂದು ತಿಳಿಸುವ ಸುದ್ದಿಯೇ ಹೊರತು ತಾಯ್ತಂದೆಯರ ಮೇಲಿನ ತೀರ್ಪಲ್ಲ. ಅದನ್ನು ಕಂಡು ಮಗುವನ್ನು ಗದರಿಸಿದರೆ, ನಾಳೆ ಅದು ಕದ್ದು ತಿನ್ನುವುದನ್ನೂ ಮುಚ್ಚಿಡುವುದನ್ನೂ ಕಲಿತೀತು.

ಇನ್ನು ನೆರೆಯವರಾದ ನಮ್ಮ ಪಾಲು. ಶಾಲೆಯ ಅಧ್ಯಾಪಕರು, ಧರ್ಮೋಪದೇಶದ ಶಿಕ್ಷಕಿಯರು ಲಕ್ಷಣಗಳನ್ನು ಅರಿತು, ಮೇಜಿನ ಖಾನೆಯಲ್ಲಿ ಸ್ವಲ್ಪ ಸಕ್ಕರೆ ಇಟ್ಟಿರಲಿ. ಹಬ್ಬದ ಮನೆಯಲ್ಲಿ ಆ ಮಗುವನ್ನು ಪಂಕ್ತಿಯಿಂದ ಎಬ್ಬಿಸುವುದು ಬೇಡ. ಬಡಿಸುವ ಮೊದಲು ತಾಯಿಯನ್ನೊಮ್ಮೆ ಕೇಳಿದರೆ ಸಾಕು. ಇನ್ಸುಲಿನ್ ಸೀಸೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಲು ಬಿಡಬಾರದು. ಫ್ರಿಜ್ ಇಲ್ಲದ ಮನೆಗೆ ನಮ್ಮ ಫ್ರಿಜ್‌ನ ಒಂದು ಮೂಲೆಯನ್ನು ಬಿಟ್ಟುಕೊಡುವುದು ದೊಡ್ಡ ತ್ಯಾಗವೇನಲ್ಲ. ಪರೀಕ್ಷೆಯ ಪಟ್ಟಿಗಳ ಖರ್ಚು ತಿಂಗಳು ತಿಂಗಳೂ ಬರುವಂಥದ್ದು. ಉಳ್ಳವರು ಅದರಲ್ಲಿ ಪಾಲು ಹೊರಬಹುದು. ರಾತ್ರಿ ಎರಡು ಗಂಟೆಗೆ ಎದ್ದು ಮಗುವಿನ ಬೆರಳು ಚುಚ್ಚಿ ನೋಡುವ ತಾಯಿಗೆ ನಮ್ಮ ಉಪದೇಶಕ್ಕಿಂತ ಹೆಗಲು ಹೆಚ್ಚು ಅಗತ್ಯ.