ಹೆಮಿಂಗ್ವೇ ಓದಿದ ಶಾಲೆಯ ಇನ್ನೊಂದು ಕತೆ

ಷಿಕಾಗೋದಿಂದ ಪಶ್ಚಿಮಕ್ಕೆ ಹೊರಡುವ ಗ್ರೀನ್ ಲೈನ್ ರೈಲು ಆಸ್ಟಿನ್ ಬುಲೆವಾರ್ಡ್ ಎಂಬ ರಸ್ತೆಯನ್ನು ದಾಟಿದೊಡನೆ ಊರೇ ಬದಲಾಗಿಬಿಡುತ್ತದೆ. ರಸ್ತೆಯ ಆಚೆಗಿರುವುದು ಷಿಕಾಗೋದ ಆಸ್ಟಿನ್ ಬಡಾವಣೆ. ಅಲ್ಲಿ ಬಹುಪಾಲು ಕಪ್ಪು ಜನರ ವಾಸ, ದಶಕಗಳ ಬಡತನ. ಈಚೆಗೆ ದೊಡ್ಡ ಮರಗಳು, ಅಗಲ ಹುಲ್ಲುಹಾಸು, ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ ಮನೆಗಳು. ಇದೇ ಓಕ್ ಪಾರ್ಕ್. ಐವತ್ತು ಸಾವಿರಕ್ಕೂ ಹೆಚ್ಚು ಜನರಿದ್ದರೂ ಕಾಗದಪತ್ರದಲ್ಲಿ ಇವತ್ತಿಗೂ ‘ವಿಲೇಜ್’. ರಿಡ್ಜ್‌ಲ್ಯಾಂಡ್ ನಿಲ್ದಾಣದಲ್ಲಿ ಇಳಿದು ಸ್ವಲ್ಪ ದೂರ ನಡೆದರೆ ಓಕ್ ಪಾರ್ಕ್ ಅಂಡ್ ರಿವರ್ ಫಾರೆಸ್ಟ್ ಹೈಸ್ಕೂಲು ಸಿಗುತ್ತದೆ.

ನಮ್ಮ ಲೆಕ್ಕದಲ್ಲಿ ಇದು ಒಂಬತ್ತನೇ ತರಗತಿಯಿಂದ ಪಿಯುಸಿ ತನಕದ ಸರ್ಕಾರಿ ಶಾಲೆ. ಶಾಲೆಗೆ ಸೇರಲು ಪ್ರವೇಶ ಪರೀಕ್ಷೆ ಬರೆಯಬೇಕಿಲ್ಲ, ವಶೀಲಿಯೂ ಬೇಡ. ಓಕ್ ಪಾರ್ಕ್ ಅಥವಾ ಪಕ್ಕದ ರಿವರ್ ಫಾರೆಸ್ಟ್‌ನಲ್ಲಿ ಮನೆಯಿದ್ದರೆ ಆಯಿತು. ಆದರೆ ಅಲ್ಲಿ ಮನೆ ಮಾಡುವುದೇ ದುಬಾರಿ. ಶಾಲೆಯ ಖರ್ಚಿನ ಬಹುಪಾಲು ಬರುವುದು ಊರಿನ ಆಸ್ತಿ ತೆರಿಗೆಯಿಂದ. ಮನೆಗಳ ಬೆಲೆ ಹೆಚ್ಚಿರುವ ಕಡೆ ಶಾಲೆಯೂ ಸಿರಿವಂತವಾಗುತ್ತದೆ, ಶಾಲೆ ಚೆನ್ನಾಗಿದೆ ಎಂದು ಮನೆಗಳ ಬೆಲೆ ಮತ್ತೆ ಏರುತ್ತದೆ. ಅಮೆರಿಕದ ಉಪನಗರಗಳ ಗುಟ್ಟೆಲ್ಲ ಈ ಸುತ್ತಿನಲ್ಲೇ ಅಡಗಿದೆ.

ಶಾಲೆ ಹುಟ್ಟಿದ್ದು 1870ರ ದಶಕದಲ್ಲಿ. ಈಗಿನ ಕಟ್ಟಡದ ಹಳೆಯ ಭಾಗ ಇಪ್ಪತ್ತನೇ ಶತಮಾನದ ಮೊದಲ ದಶಕದ್ದು. 1910ರಿಂದ 1912ರವರೆಗೆ ಇಲ್ಲಿ ಅಮೆರಿಕನ್ ಫುಟ್‌ಬಾಲ್ ಕಲಿಸಿದ ಬಾಬ್ ಜಪ್ಕಿ ಆಮೇಲೆ ಇಲಿನಾಯ್ ವಿಶ್ವವಿದ್ಯಾಲಯದ ಕೋಚ್ ಆಗಿ ದೇಶಕ್ಕೇ ಹೆಸರಾದ. ಅವನು ಹೋದ ಸ್ವಲ್ಪ ದಿನಕ್ಕೆ ಶಾಲೆಗೆ ಬಂದ ಹುಡುಗ ಅರ್ನೆಸ್ಟ್ ಹೆಮಿಂಗ್ವೇ. ಆಟದಲ್ಲಿ ಅವನದು ಸಾಧಾರಣ ಸಾಧನೆ. ಸಂಗೀತದ ಮೇಳದಲ್ಲಿ ಚೆಲ್ಲೋ ನುಡಿಸುತ್ತಿದ್ದ. ಶಾಲೆಯ ಪತ್ರಿಕೆ ‘ಟ್ರಪೀಜ್’ಗೆ ಆಗಿನ ಪ್ರಸಿದ್ಧ ಕ್ರೀಡಾ ಅಂಕಣಕಾರ ರಿಂಗ್ ಲಾರ್ಡ್ನರ್ ಶೈಲಿಯನ್ನು ಅಣಕಿಸಿ ವರದಿ ಬರೆದ, ಸಾಹಿತ್ಯ ಪತ್ರಿಕೆ ‘ಟ್ಯಾಬ್ಯುಲಾ’ದಲ್ಲಿ ಮೊದಲ ಕತೆಗಳನ್ನು ಅಚ್ಚು ಮಾಡಿಸಿದ. 1917ರಲ್ಲಿ ಓದು ಮುಗಿಸಿ ಕಾಲೇಜಿಗೆ ಹೋಗದೆ ಕಾನ್ಸಸ್ ಸಿಟಿಯ ದಿನಪತ್ರಿಕೆ ಸೇರಿದ. ಮರುವರ್ಷ ಇಟಲಿಯ ಯುದ್ಧಭೂಮಿಯಲ್ಲಿ ಗಾಯಗೊಂಡು ಮರಳಿದವನು 1919ರಲ್ಲಿ ಹಳೆಯ ಶಾಲೆಗೆ ಬಂದು, ಸಿಡಿಗುಂಡಿನ ಚೂರುಗಳಿಂದ ತೂತಾದ ತನ್ನ ಪ್ಯಾಂಟನ್ನು ಎತ್ತಿ ಹಿಡಿದು ಮಕ್ಕಳಿಗೆ ತೋರಿಸಿದ. ಹತ್ತೊಂಬತ್ತರ ಹುಡುಗನಿಗೆ ನಾಟಕದ ಹುಕಿ ಆಗಲೇ ಇತ್ತು ಅನ್ನಿ. ಮುಂದೆ ಮೆಕ್‌ಡೊನಾಲ್ಡ್ಸ್ ಸಾಮ್ರಾಜ್ಯ ಕಟ್ಟಿದ ರೇ ಕ್ರಾಕ್ ಕೂಡ ಇದೇ ಶಾಲೆಯವನು. ಆತ ನಡುವೆಯೇ ಓದು ಬಿಟ್ಟು, ವಯಸ್ಸು ಹೆಚ್ಚಿಸಿ ಹೇಳಿ, ಹೆಮಿಂಗ್ವೇಯಂತೆ ರೆಡ್ ಕ್ರಾಸ್ ಆಂಬುಲೆನ್ಸ್ ಚಾಲಕನಾಗಲು ಹೊರಟಿದ್ದ.

ಪ್ರವಾಸಿಗರ ಕೈಪಿಡಿಗಳು ಇಲ್ಲಿಗೆ ನಿಲ್ಲುತ್ತವೆ. ನನಗೆ ಈ ಶಾಲೆ ಮುಖ್ಯವೆನಿಸುವುದು ಅದರ ನಂತರದ ಕತೆಯಿಂದ.

1950ರಲ್ಲಿ ಪರ್ಸಿ ಜೂಲಿಯನ್ ಎಂಬ ರಸಾಯನ ವಿಜ್ಞಾನಿ ಓಕ್ ಪಾರ್ಕ್‌ನಲ್ಲಿ ಮನೆ ಕೊಂಡರು. ಸೋಯಾ ಕಾಳಿನಿಂದ ಹಾರ್ಮೋನ್ ಔಷಧಿಗಳನ್ನು ಅಗ್ಗವಾಗಿ ತಯಾರಿಸುವ ದಾರಿ ತೋರಿಸಿದವರು ಅವರು. ಅಂಥವರ ಮನೆಗೆ, ಕುಟುಂಬ ಬಂದು ನೆಲೆಸುವ ಮೊದಲೇ ಯಾರೋ ಬೆಂಕಿ ಇಟ್ಟರು. ಮರುವರ್ಷ ಡೈನಮೈಟ್ ಎಸೆದರು. ಜೂಲಿಯನ್ ಕಪ್ಪು ಮನುಷ್ಯ ಎಂಬುದಷ್ಟೇ ಕಾರಣ. ಕುಟುಂಬ ಊರು ಬಿಡಲಿಲ್ಲ. ಈಗ ಊರಿನ ಒಂದು ಮಾಧ್ಯಮಿಕ ಶಾಲೆಗೆ ಅವರದೇ ಹೆಸರು, ಇನ್ನೊಂದಕ್ಕೆ ಕಪ್ಪು ಕವಯಿತ್ರಿ ಗ್ವೆಂಡಲಿನ್ ಬ್ರೂಕ್ಸ್ ಹೆಸರು. ಹೈಸ್ಕೂಲಿಗೆ ಬರುವ ಹೆಚ್ಚಿನ ಮಕ್ಕಳು ಈ ಎರಡು ಶಾಲೆಗಳಲ್ಲಿ ಓದಿದವರು.

ಅರವತ್ತರ ದಶಕದಲ್ಲಿ ಪಕ್ಕದ ಆಸ್ಟಿನ್‌ನಲ್ಲಿ ದಲ್ಲಾಳಿಗಳ ದಂಧೆ ಶುರುವಾಯಿತು. ‘ಕಪ್ಪು ಜನ ಬರುತ್ತಿದ್ದಾರೆ, ಬೆಲೆ ಬೀಳುತ್ತದೆ’ ಎಂದು ಬಿಳಿಯರನ್ನು ಹೆದರಿಸಿ ಮನೆಗಳನ್ನು ಅಗ್ಗಕ್ಕೆ ಕೊಳ್ಳುವುದು, ಕಪ್ಪು ಕುಟುಂಬಗಳಿಗೆ ಮೂರು ಕಾಸಿನದನ್ನು ಆರಕ್ಕೆ ಮಾರುವುದು. ನೋಡನೋಡುತ್ತ ಬೀದಿಗೆ ಬೀದಿಯೇ ಖಾಲಿಯಾಯಿತು. ಇದನ್ನು ಕಂಡ ಓಕ್ ಪಾರ್ಕ್ ಬೇರೆ ದಾರಿ ಹಿಡಿಯಿತು. ಬಣ್ಣ ನೋಡಿ ಮನೆ ನಿರಾಕರಿಸುವುದನ್ನು 1968ರ ಸ್ಥಳೀಯ ಕಾನೂನು ನಿಷೇಧಿಸಿತು. ‘ಮನೆ ಮಾರಾಟಕ್ಕಿದೆ’ ಎಂಬ ಫಲಕಗಳನ್ನು ನಿಲ್ಲಿಸುವುದಕ್ಕೂ ತಡೆ ಬಂತು. ಒಂದು ಫಲಕ ಕಂಡರೆ ಇಡೀ ಬೀದಿ ಗಾಬರಿಯಾಗುತ್ತಿತ್ತು. 1972ರಲ್ಲಿ ಶುರುವಾದ ಹೌಸಿಂಗ್ ಸೆಂಟರ್, ಬಾಡಿಗೆಗೆ ಬರುವವರನ್ನು ಊರಿನ ಎಲ್ಲ ಕಡೆಗೂ ಹಂಚಿಹೋಗುವಂತೆ ಪ್ರೇರೇಪಿಸಿತು. ಇದು ಪೂರ್ತಿ ನಿಸ್ವಾರ್ಥವೇನಲ್ಲ. ತಮ್ಮ ಆಸ್ತಿಯ ಬೆಲೆ ಉಳಿಸಿಕೊಳ್ಳುವ ಲೆಕ್ಕವೂ ಇತ್ತು. ಅದೇನಿದ್ದರೂ ಊರು ಮಿಶ್ರವಾಯಿತು, ಮಿಶ್ರವಾಗಿಯೇ ಉಳಿಯಿತು. ಅಮೆರಿಕದಲ್ಲಿ ಇದು ಅಪರೂಪ.

ಶಾಲೆಯ ಗೇಟಿನೊಳಗೂ ಎಲ್ಲ ಬಣ್ಣದ ಮಕ್ಕಳು ಬಂದರು. ತರಗತಿಯೊಳಗೆ ಮಾತ್ರ ಹಾಗಾಗಲಿಲ್ಲ. ಅಮೆರಿಕದ ಹೈಸ್ಕೂಲಿನಲ್ಲಿ ಒಂದೇ ವಿಷಯವನ್ನು ಹಲವು ಮಟ್ಟಗಳಲ್ಲಿ ಕಲಿಸುತ್ತಾರೆ: ಸಾಮಾನ್ಯ, ಅದರ ಮೇಲೆ ಆನರ್ಸ್, ಇನ್ನೂ ಮೇಲೆ ಕಾಲೇಜು ಮಟ್ಟದ್ದು. ಯಾರು ಎಲ್ಲಿ ಕೂರಬೇಕೆಂದು ತೀರ್ಮಾನಿಸುವುದು ಹಿಂದಿನ ಅಂಕಗಳು ಮತ್ತು ಶಿಕ್ಷಕರ ಶಿಫಾರಸು. ಅಪ್ಪ ಅಮ್ಮಂದಿರ ಒತ್ತಡವೂ ಕೆಲಸ ಮಾಡುತ್ತದೆ. ಹೀಗಾಗಿ ಆನರ್ಸ್ ತರಗತಿಗಳಲ್ಲಿ ಬಿಳಿಯ ಮಕ್ಕಳೇ ತುಂಬಿಕೊಂಡರು. ಎ ಸೆಕ್ಷನ್, ಬಿ ಸೆಕ್ಷನ್ ಎಂದು ಮಕ್ಕಳನ್ನು ಜರಡಿ ಹಿಡಿಯುವುದನ್ನು ಕಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದನ್ನೆಲ್ಲ ತೆರೆದಿಟ್ಟದ್ದು ‘ಅಮೆರಿಕ ಟು ಮಿ’ ಎಂಬ ಹತ್ತು ಕಂತುಗಳ ಸಾಕ್ಷ್ಯಚಿತ್ರ, 2018ರಲ್ಲಿ. ನಿರ್ದೇಶಕ ಸ್ಟೀವ್ ಜೇಮ್ಸ್ ಇದೇ ಊರಿನವರು, ಅವರ ಮಕ್ಕಳು ಓದಿದ್ದೂ ಇದೇ ಶಾಲೆಯಲ್ಲಿ. 2015–16ರ ಒಂದು ಇಡೀ ಶೈಕ್ಷಣಿಕ ವರ್ಷ ಕ್ಯಾಮೆರಾ ಹಿಡಿದು ಒಳಗೇ ಇದ್ದರು. ಶಾಲೆಯ ಆಡಳಿತಗಾರರಿಗೆ ಇದು ಇಷ್ಟವಿರಲಿಲ್ಲ, ಚುನಾಯಿತ ಶಾಲಾ ಮಂಡಳಿ ಒಪ್ಪಿತು. ತನ್ನ ಹುಳುಕನ್ನು ಚಿತ್ರೀಕರಿಸಲು ಬಿಟ್ಟ ಶಾಲೆಗಳು ಎಷ್ಟಿವೆ? ಸಾಕ್ಷ್ಯಚಿತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸ್ಪೋಕನ್ ವರ್ಡ್ ಕ್ಲಬ್ಬಿನ ಭಾಗ. ಶಿಕ್ಷಕ, ಕವಿ ಪೀಟರ್ ಕಾನ್ ಕಟ್ಟಿ ಬೆಳೆಸಿದ ಈ ಕ್ಲಬ್ಬಿನಲ್ಲಿ ಮಕ್ಕಳು ತಮ್ಮ ಮನೆಯ, ಮೈಬಣ್ಣದ, ಸಿಟ್ಟಿನ ಕವಿತೆಗಳನ್ನು ಎದ್ದುನಿಂತು ಹೇಳುತ್ತಾರೆ. ಅಲ್ಲಿ ಮೇಲಿನ ಮಟ್ಟ, ಕೆಳಗಿನ ಮಟ್ಟ ಎಂಬುದಿಲ್ಲ.

2022ರಲ್ಲಿ ಶಾಲೆ ಒಂದು ಹೆಜ್ಜೆ ಮುಂದಿಟ್ಟಿತು. ಒಂಬತ್ತನೇ ತರಗತಿಯ ಇಂಗ್ಲಿಷ್, ವಿಜ್ಞಾನ, ಇತಿಹಾಸದಂಥ ವಿಷಯಗಳಲ್ಲಿ ಸಾಮಾನ್ಯ, ಆನರ್ಸ್ ಎಂಬ ಎರಡು ಮಟ್ಟಗಳನ್ನು ಕೂಡಿಸಿ ಎಲ್ಲರಿಗೂ ಆನರ್ಸ್ ಪಾಠವನ್ನೇ ಕಲಿಸತೊಡಗಿತು. ಗಣಿತವನ್ನು ಮುಟ್ಟಲಿಲ್ಲ. ಊರೆಲ್ಲ ಒಪ್ಪಿತೆಂದು ತಿಳಿಯಬೇಡಿ. ಚುರುಕಾದ ಮಕ್ಕಳು ಹಿಂದೆ ಬೀಳುತ್ತಾರೆ ಎಂಬ ಆತಂಕ, ಗಣಿತವನ್ನು ಬಿಟ್ಟು ಸುಧಾರಣೆ ಎಂಥದು ಎಂಬ ಪ್ರಶ್ನೆ ಎರಡೂ ಎದ್ದವು. ಎರಡನೆಯದರಲ್ಲಿ ಹುರುಳಿದೆ ಎಂದು ನನಗನ್ನಿಸುತ್ತದೆ. ಮೇಲಿನ ತರಗತಿಗಳ ದಾರಿಯನ್ನು ಹೆಚ್ಚಾಗಿ ತೀರ್ಮಾನಿಸುವುದು ಗಣಿತವೇ.

ಜಗಳಕ್ಕೆ ಈ ಊರು ಹಿಂಜರಿಯುವುದೂ ಇಲ್ಲ. ಶಾಲೆಯ ಹಳೆಯ ಈಜುಕೊಳಗಳು 1928ರ ಕಾಲದವು. ಹೊಸದು ಕಟ್ಟಲು ಸಾಲ ಎತ್ತುವ ಪ್ರಸ್ತಾಪ 2016ರಲ್ಲಿ ಜನಮತಕ್ಕೆ ಬಂದಾಗ 28 ಮತಗಳಿಂದ ಬಿದ್ದುಹೋಯಿತು. ತೆರಿಗೆ ಏರುತ್ತದೆ ಎಂದವರು ಒಂದು ಕಡೆ, ಕಲಿಕೆಯ ಅಂತರ ತುಂಬುವ ಮೊದಲು ಕೊಳ ಯಾಕೆ ಎಂದವರು ಇನ್ನೊಂದು ಕಡೆ. ಹೊಸ ಕೊಳದ ಕೆಲಸ ಶುರುವಾಗಲು ಮತ್ತೆ ಎಷ್ಟೋ ವರ್ಷ ಹಿಡಿಯಿತು. ಅಲ್ಲಿಯವರೆಗೆ ಮಕ್ಕಳು ತೊಂಬತ್ತು ವರ್ಷ ದಾಟಿದ ಕೊಳಗಳಲ್ಲೇ ಈಜು ಕಲಿತರು.