ಘಿಬ್ಲಿ ಫೋಟೊ ಎರಡು ನಿಮಿಷದಲ್ಲಿ ಬರುತ್ತೆ, ಹಾಗಾದ್ರೆ ನಾನು ನಾಲ್ಕು ವರ್ಷ ಕಲಿಯೋದೇನು?

2025ರ ಮಾರ್ಚ್ ಕೊನೆ. ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ದೊಡ್ಡಪ್ಪನ ಮಗ ಒಂದು ಚಿತ್ರ ಹಾಕಿದ. ಅಕ್ಕನ ಮದುವೆಯಲ್ಲಿ ಎಲ್ಲರೂ ಸೇರಿ ತೆಗೆಸಿಕೊಂಡಿದ್ದ ಫೋಟೊ ಅದು. ಆದರೆ ಅದರಲ್ಲಿ ನಾವ್ಯಾರೂ ನಾವಾಗಿರಲಿಲ್ಲ. ಎಲ್ಲರಿಗೂ ಒಂದೇ ಥರ ದುಂಡು ಮುಖ, ದೊಡ್ಡ ಕಣ್ಣು. ಅವ್ವನ ಇಳಕಲ್ ಸೀರೆಯ ದಡಿ ಎಂಥದೋ ಹೂಬಳ್ಳಿಯಾಗಿತ್ತು. ಅಪ್ಪನ ಮುಖದ ಸುಕ್ಕುಗಳೆಲ್ಲ ಮಾಯ. ಕೆಳಗೆ ಅಣ್ಣ ಬರೆದಿದ್ದ: “ತಂಗಿ, ನೀ ನಾಕು ವರ್ಷ ಕಲಿಯೂದನ್ನ ಇದು ಎರಡ ನಿಮಿಷದಾಗ ಮಾಡೇತಿ ನೋಡು.”

ಅವನು ಚೇಷ್ಟೆಗೆ ಹೇಳಿದ್ದು, ಎಲ್ಲರೂ ನಕ್ಕರು. ಅಪ್ಪ ಮಾತ್ರ ಗುಂಪಿನಲ್ಲಿ ಏನೂ ಬರೆಯಲಿಲ್ಲ. ನನ್ನ ಫೀಸಿಗೆ ಸೊಸೈಟಿಯಲ್ಲಿ ಸಾಲ ಮಾಡಿದವನು ಅವನು. ರಾತ್ರಿ ಫೋನ್ ಮಾಡಿ, “ಮುಂದ ಕೆಲಸ ಸಿಗತೈತೇನವ್ವಾ?” ಅಂತಷ್ಟೇ ಕೇಳಿದ.

ಕೊಪ್ಪಳ ಸೀಮೆಯಿಂದ ಮೈಸೂರಿಗೆ ಬಂದು ಚಿತ್ರಕಲೆ ಓದುತ್ತಿರುವವಳು ನಾನು. ಅನಿಮೇಷನ್ ಮಾಡಬೇಕೆಂಬ ಆಸೆ. ಹಾಸ್ಟೆಲಿನ ನನ್ನ ಗೋಡೆಯ ಮೇಲೆ ಕೆಲವರ ಚಿತ್ರಗಳಿವೆ. “ಇವರೇ ನನಗೆ ಸ್ಫೂರ್ತಿ” ಎಂದು ಎಲ್ಲರಿಗೂ ಹೇಳುತ್ತಿದ್ದೆ. ಅಪ್ಪನ ಪ್ರಶ್ನೆ ಬಂದ ಮೇಲೆ ಒಂದು ವಿಷಯ ಹುಡುಕಲು ಶುರು ಮಾಡಿದೆ: ಇವರೆಲ್ಲ ದೊಡ್ಡವರಾದ ಮೇಲೆ ಏನು ಮಾಡಿದರು ಅನ್ನೋದು ಗೊತ್ತು, ಆದರೆ ಏನೂ ಬಾರದಿದ್ದಾಗ ಇವರೆಲ್ಲಿ ಕೂತು ಕಲಿತರು?

ಕೆಳಗಿನ ಮೆಟ್ಟಿಲು

ಮೊದಲು ಅಣ್ಣನ ಚಿತ್ರದ ಮೂಲಕ್ಕೇ ಹೋಗೋಣ. ಘಿಬ್ಲಿ ಎಂಬುದು ಫಿಲ್ಟರ್ ಹೆಸರಲ್ಲ. 1985ರಲ್ಲಿ ಜಪಾನಿನಲ್ಲಿ ಶುರುವಾದ ಸ್ಟುಡಿಯೋ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಹಯಾವೊ ಮಿಯಾಝಾಕಿ 1963ರಲ್ಲಿ ತೋಯೆ ಎಂಬ ಸ್ಟುಡಿಯೋಗೆ ಸೇರಿದಾಗ ಮಾಡಿದ್ದು ಇನ್‌ಬಿಟ್ವೀನರ್ ಕೆಲಸ.

ಹಾಗಂದ್ರೆ ಏನು? ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮ್. ಕೈಯಿಂದ ಬರೆಯುವ ಅನಿಮೇಷನ್‌ನಲ್ಲಿ ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸುತ್ತಾರೆ. ಅಂದರೆ ಸೆಕೆಂಡಿಗೆ 12 ಚಿತ್ರ, ನಿಮಿಷಕ್ಕೆ 720. ಒಬ್ಬ ಹುಡುಗಿ ಕುರ್ಚಿಯಿಂದ ಏಳುತ್ತಾಳೆ ಅನ್ನಿ. ಕೂತದ್ದು, ಮುಂದಕ್ಕೆ ಬಾಗಿದ್ದು, ನಿಂತದ್ದು, ಈ ಮುಖ್ಯ ಭಂಗಿಗಳನ್ನು ಅನುಭವಿ ಕಲಾವಿದರು ಬರೆಯುತ್ತಾರೆ. ಅವುಗಳ ನಡುವಿನ ಚಿತ್ರಗಳನ್ನು ತುಂಬೋದು ಹೊಸಬರ ಕೆಲಸ. ಕೆಳಗೆ ದೀಪ ಇರುವ ಗಾಜಿನ ಮೇಜಿನ ಮೇಲೆ ಒಂದರ ಮೇಲೊಂದು ಹಾಳೆ ಇಟ್ಟು ಬರೆಯಬೇಕು. ಬೇಸರದ ಕೆಲಸ. ಆದರೆ ಭಾರ ಯಾವ ಕಾಲಿನ ಮೇಲೆ ಬೀಳುತ್ತದೆ, ಕೈ ಎತ್ತುವ ಮೊದಲು ಭುಜ ಏನು ಮಾಡುತ್ತದೆ ಅನ್ನೋದು ಕೈಗೆ ಹತ್ತೋದು ಅಲ್ಲೇ. ತಪ್ಪಾದರೆ ಹಿರಿಯರು ಹಾಳೆ ವಾಪಸ್ ಕೊಡುತ್ತಾರೆ, ಮತ್ತೆ ಬರೆಯಬೇಕು.

ಅಲ್ಲಿಂದ ಹತ್ತಿದವರು ಮುಂದೆ ಎಂಥ ಕೆಲಸ ಮಾಡಿದರು ನೋಡಿ. 2013ರ ‘ದ ವಿಂಡ್ ರೈಸಸ್’ ಸಿನಿಮಾದಲ್ಲಿ ಜನಜಂಗುಳಿಯ ಒಂದು ದೃಶ್ಯವಿದೆ. ಬರೀ ನಾಲ್ಕು ಸೆಕೆಂಡು. ಅದನ್ನು ಬರೆಯಲು ಏಜಿ ಯಾಮಾಮೋರಿ ಎಂಬ ಅನಿಮೇಟರ್ ತೆಗೆದುಕೊಂಡದ್ದು ಒಂದು ವರ್ಷ ಮೂರು ತಿಂಗಳು. ಆ ಗುಂಪಿನಲ್ಲಿರುವ ಪ್ರತಿಯೊಬ್ಬರೂ ಅವರವರ ರೀತಿಯಲ್ಲೇ ನಡೆಯುತ್ತಾರೆ. ಅಣ್ಣ ಹಾಕಿದ ಚಿತ್ರದಲ್ಲಿ ನಮ್ಮ ಮನೆಯ ಹನ್ನೊಂದು ಜನಕ್ಕೂ ಒಂದೇ ಮುಖ!

2016ರ ಒಂದು ಜಪಾನಿ ಸಾಕ್ಷ್ಯಚಿತ್ರದಲ್ಲಿ, ಕೃತಕ ಬುದ್ಧಿಮತ್ತೆ ತೆವಳಿಸಿದ ವಿಕಾರ ದೇಹವೊಂದನ್ನು ಕೆಲವರು ಮಿಯಾಝಾಕಿಗೆ ತೋರಿಸುತ್ತಾರೆ. ಅವರಿಗೆ ನೆನಪಾಗುವುದು ಕೈ ಎತ್ತಲೂ ಕಷ್ಟಪಡುವ, ಅಂಗವೈಕಲ್ಯವಿರುವ ತಮ್ಮ ಗೆಳೆಯ. ನೋವೆಂದರೇನು ಅಂತ ಗೊತ್ತಿಲ್ಲದವರು ಮಾಡಿದ್ದು ಇದು, ಜೀವಕ್ಕೇ ಮಾಡಿದ ಅವಮಾನ ಅನ್ನುವ ಅರ್ಥದಲ್ಲಿ ಅವರು ಮಾತಾಡುತ್ತಾರೆ. ಈ ಮಾತನ್ನು ಈಗಿನ ಫಿಲ್ಟರುಗಳ ಬಗ್ಗೆ ಆಡಿದ್ದು ಅಂತ ಎಲ್ಲರೂ ಹಂಚಿಕೊಳ್ಳುತ್ತಾರೆ. ಅದು ಸರಿಯಲ್ಲ. ಆದರೆ ಒಂದು ಚಲನೆಯನ್ನು ನೋಡಿದ ಕೂಡಲೇ ಅವರಿಗೆ ಗೊತ್ತಿರುವ ಒಬ್ಬ ಮನುಷ್ಯ ನೆನಪಾಗುತ್ತಾನಲ್ಲ, ನಾನು ಕಲಿಯಬೇಕಾದದ್ದು ಅದು.

ಮೀನಾಳನ್ನು ಬರೆದವರು

ಎರಡನೆಯ ಚಿತ್ರ ರಾಮ್ ಮೋಹನ್ ಅವರದು. ಹೆಸರು ಕೇಳಿರಲಿಕ್ಕಿಲ್ಲ, ಆದರೆ ಮೀನಾ ಗೊತ್ತಿರಬಹುದು. ಯುನಿಸೆಫ್‌ಗಾಗಿ ಮಾಡಿದ ಕಾರ್ಟೂನಿನ ಹುಡುಗಿ, ಜೊತೆಗೆ ಮಿಟ್ಟು ಎಂಬ ಗಿಳಿ, ತಮ್ಮ ರಾಜು. ಮಾವಿನಹಣ್ಣು ಹಂಚುವಾಗ ಮಗನಿಗೆ ಹೆಚ್ಚು, ಮಗಳಿಗೆ ಕಡಿಮೆ ಏಕೆ ಅಂತ ಮೀನಾ ಕೇಳುವ ಕಂತನ್ನು ನಾನು ನಮ್ಮೂರ ಸರ್ಕಾರಿ ಶಾಲೆಯ ಟಿವಿಯಲ್ಲಿ ನೋಡಿದ್ದೆ. ಆವತ್ತು ಮನೆಗೆ ಹೋಗಿ ಅವ್ವನಿಗೆ ಅದೇ ಪ್ರಶ್ನೆ ಕೇಳಿ ಬೈಸಿಕೊಂಡಿದ್ದೆ.

ಆ ಮೀನಾಳನ್ನು ರೂಪಿಸಿದ ರಾಮ್ ಮೋಹನ್ 1956ರಲ್ಲಿ ಮುಂಬೈನ ಫಿಲ್ಮ್ಸ್ ಡಿವಿಷನ್ ಸೇರಿದರು. ಸರ್ಕಾರ ಅಲ್ಲಿ ಕಾರ್ಟೂನ್ ಘಟಕ ಶುರು ಮಾಡಿತ್ತು. ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಎಂಬ ಅನಿಮೇಟರ್ ಬಂದು ಹೊಸಬರಿಗೆ ತರಬೇತಿ ಕೊಟ್ಟರು. ಸಂಬಳ ಕೊಟ್ಟು ಕಲಿಸಿದ ಜಾಗ ಅದು. ಮುಂದೆ ರಾಮ್ ಮೋಹನ್ ತಮ್ಮದೇ ಸ್ಟುಡಿಯೋ ಕಟ್ಟಿದರು. ಅಲ್ಲಿ ಕೆಲಸ ಕಲಿತವರಲ್ಲಿ ಗೀತಾಂಜಲಿ ರಾವ್ ಒಬ್ಬರು. ನನ್ನ ಗೋಡೆಯ ಮೂರನೆಯ ಚಿತ್ರ.

ಗೀತಾಂಜಲಿ ಓದಿದ್ದು ಚಿತ್ರಕಲೆ, ನನ್ನ ಹಾಗೆ. 2006ರ ಅವರ ‘ಪ್ರಿಂಟೆಡ್ ರೇನ್‌ಬೋ’ 15 ನಿಮಿಷದ ಸಿನಿಮಾ. ಮುಂಬೈನ ಫ್ಲ್ಯಾಟಿನಲ್ಲಿ ಒಂಟಿ ಮುದುಕಿ, ಒಂದು ಬೆಕ್ಕು. ಮುದುಕಿ ಕೂಡಿಟ್ಟ ಬೆಂಕಿಪೊಟ್ಟಣಗಳ ಚಿತ್ರಗಳೇ ಅವಳು ಹೋಗಿಬರುವ ಲೋಕ. ಕಾನ್ ಚಿತ್ರೋತ್ಸವದ ಕ್ರಿಟಿಕ್ಸ್ ವೀಕ್‌ನಲ್ಲಿ ಅದಕ್ಕೆ ಪ್ರಶಸ್ತಿಗಳು ಬಂದವು. ನನಗೆ ಪ್ರಶಸ್ತಿಗಿಂತ ದೊಡ್ಡದು ಅನ್ನಿಸಿದ್ದು ಬೆಂಕಿಪೊಟ್ಟಣ. ಅಂಗಡಿಯಲ್ಲಿ ಬಿಡಿಗಾಸಿಗೆ ಸಿಗುವ ವಸ್ತುವಿನಿಂದ ಒಂದು ಸಿನಿಮಾ ಹುಟ್ಟಬಹುದು ಅಂತ ತೋರಿಸಿಕೊಟ್ಟವರು ಅವರು.

ಬರ್ಲಿನ್ನಿನ ಕತ್ತರಿ, ಮೊರನಾಳದ ಗೊಂಬೆ

ಕಾಲೇಜಿನಲ್ಲಿ ಒಮ್ಮೆ ಲೋಟೆ ರೈನಿಗರ್ ಅವರ ಸಿನಿಮಾ ತೋರಿಸಿದರು. 1899ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಹೆಣ್ಣುಮಗಳು. ಕಪ್ಪು ರಟ್ಟನ್ನು ಕತ್ತರಿಯಿಂದ ಕತ್ತರಿಸಿ, ಕೈಕಾಲುಗಳನ್ನು ತಂತಿಯಿಂದ ಜೋಡಿಸಿ, ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಲೆ ಇಟ್ಟು, ಒಂದಿಷ್ಟೇ ಸರಿಸಿ ಒಂದೊಂದು ಫ್ರೇಮ್ ತೆಗೆದರು. ಹೀಗೆ ಮಾಡಿದ ‘ದ ಅಡ್ವೆಂಚರ್ಸ್ ಆಫ್ ಪ್ರಿನ್ಸ್ ಅಖ್ಮದ್’ ತೆರೆಗೆ ಬಂದದ್ದು 1926ರಲ್ಲಿ. ಡಿಸ್ನಿಯ ‘ಸ್ನೋ ವೈಟ್’ಗಿಂತ 11 ವರ್ಷ ಮೊದಲು. ಇವತ್ತು ಉಳಿದಿರುವ ಪೂರ್ಣಾವಧಿ ಅನಿಮೇಷನ್ ಸಿನಿಮಾಗಳಲ್ಲಿ ಅದೇ ಅತ್ಯಂತ ಹಳೆಯದು.

ನೋಡುತ್ತಾ ನೋಡುತ್ತಾ ನನಗೆ ನಗು ಬಂತು. ಇದನ್ನು ನಾನು ಮೊದಲೇ ನೋಡಿದ್ದೇನೆ! ನಮ್ಮ ಕಡೆ ತೊಗಲುಗೊಂಬೆ ಆಟ ಅಂತಾರೆ. ಚರ್ಮವನ್ನು ಹೆರೆದು ತೆಳ್ಳಗೆ ಮಾಡಿ, ಬಣ್ಣ ಹಚ್ಚಿ, ಸಣ್ಣ ಸಣ್ಣ ತೂತು ಕೊರೆದು, ಬಿಳಿ ಪರದೆಯ ಹಿಂದೆ ದೀಪ ಇಟ್ಟು ಆಡಿಸುತ್ತಾರೆ. ರೈನಿಗರ್ ಅವರದು ಕಪ್ಪು ನೆರಳು, ನಮ್ಮದು ಬಣ್ಣದ ನೆರಳು, ಯಾಕಂದ್ರೆ ಬೆಳಕು ತೊಗಲಿನ ಮೂಲಕವೇ ಹಾಯುತ್ತದೆ. ನಮ್ಮ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಈ ಕಲೆಗಾಗಿ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ 96 ವರ್ಷ. ಅವರು ಯಾವ ಕಾಲೇಜಿನಲ್ಲಿ ಕಲಿತರು? ಮನೆಯವರ ಪಕ್ಕ, ಪರದೆಯ ಹಿಂದೆ ಕೂತು ಕಲಿತರು. ಅದೂ ಒಂದು ಕೆಳಗಿನ ಮೆಟ್ಟಿಲೇ.

ಆರ್.ಕೆ. ಲಕ್ಷ್ಮಣ್ ಕಥೆ ಬೇರೆ. ಮೈಸೂರಿನ ಹುಡುಗ, ಕಾಗೆ ಅಂದ್ರೆ ಪ್ರಾಣ. ಮುಂಬೈನ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ ಸೀಟು ಸಿಗಲಿಲ್ಲ, ಮೈಸೂರಿನಲ್ಲೇ ಬಿ.ಎ. ಓದಿದರು. ಆದರೆ ಆಗ ರಾಶಿಯವರ ‘ಕೊರವಂಜಿ’ ಇತ್ತು. ಎಳೆಯ ಲಕ್ಷ್ಮಣ್ ಚಿತ್ರಗಳಿಗೆ ಜಾಗ ಕೊಟ್ಟ ಕನ್ನಡ ಪತ್ರಿಕೆ ಅದು. ಕಲಾಶಾಲೆಯ ಬಾಗಿಲು ಮುಚ್ಚಿದ್ದರೂ ಪತ್ರಿಕೆಯ ಪುಟ ತೆರೆದಿತ್ತು.

ಹಾಗಾದ್ರೆ ಭಯ ಯಾವುದರದು?

ಯಂತ್ರ ಮಿಯಾಝಾಕಿಯ ಜಾಗಕ್ಕೆ ಬರುತ್ತದೆ ಅಂತ ನನಗೆ ಭಯವಿಲ್ಲ. ಅದು ಬರುವುದು ನನ್ನ ಜಾಗಕ್ಕೆ. ಹೊಸಬರಿಗೆ ಕೊಡುವ ಕೆಲಸ, ಅಂದರೆ ನಡುವಿನ ಚಿತ್ರ, ಹಿನ್ನೆಲೆಯ ಬಣ್ಣ, ಕಥೆಗೊಂದು ಸಣ್ಣ ರೇಖಾಚಿತ್ರ, ಇವು ಮೊದಲು ಹೋಗುತ್ತವೆ. ಹೊರದೇಶದ ಕಂಪನಿಗಳಿಗೆ ಇಂಥ ಕೆಲಸ ಮಾಡಿಕೊಟ್ಟೇ ಬೆಳೆದ ಸ್ಟುಡಿಯೋಗಳು ನಮ್ಮಲ್ಲಿ ಬೇಕಾದಷ್ಟಿವೆ. ಕಳೆದ ರಜೆಯಲ್ಲಿ ನಾನು ಒಂದು ಕಡೆ ಇಂಟರ್ನ್‌ಶಿಪ್‌ಗೆ ಹೋಗಿದ್ದೆ. ಆರು ವಾರ ನಾನು ಮಾಡಿದ್ದು ಯಂತ್ರ ಬರೆದ ಚಿತ್ರಗಳಲ್ಲಿ ಆರು ಬೆರಳಿದ್ದರೆ ಐದು ಮಾಡೋದು. ಬರೆಯಲು ಒಂದು ಹಾಳೆಯನ್ನೂ ಯಾರೂ ಕೊಡಲಿಲ್ಲ. ಹಾಗಾಗಿ ತಪ್ಪು ಮಾಡಿ ಬೈಸಿಕೊಳ್ಳುವ ಅವಕಾಶವೂ ಸಿಗಲಿಲ್ಲ.

ಏಣಿಯ ಕೆಳಗಿನ ಮೆಟ್ಟಿಲು ಕಿತ್ತರೆ ಮೇಲೆ ಇರುವವರಿಗೆ ಏನೂ ಆಗಲ್ಲ, ಇವತ್ತಿಗೆ. ಆದರೆ ಹತ್ತು ವರ್ಷದ ನಂತರ ಮೇಲೆ ಯಾರಿರುತ್ತಾರೆ? ಯಂತ್ರ ಬೇಡ ಅಂತ ನಾನು ಹೇಳುತ್ತಿಲ್ಲ. ಗೀತಾಂಜಲಿಯವರೂ ‘ಬಾಂಬೆ ರೋಸ್’ ಸಿನಿಮಾದ ಫ್ರೇಮುಗಳನ್ನು ಬರೆಸಿದ್ದು ಕಂಪ್ಯೂಟರಿನಲ್ಲೇ, ಆದರೆ ಬರೆದದ್ದು ಮನುಷ್ಯರ ಕೈ. ನಾನು ಕೇಳುವುದು ಇಷ್ಟು: ಸರ್ಕಾರ 1956ರಲ್ಲಿ ಸಂಬಳ ಕೊಟ್ಟು ಕಲಿಸಬಹುದಾಗಿದ್ದರೆ ಈಗ ಯಾಕಾಗಬಾರದು? ಅನಿಮೇಷನ್‌ಗೆ ನೀತಿ ಮಾಡುವಾಗ ಹೂಡಿಕೆಯ ಲೆಕ್ಕದ ಜೊತೆ ಕಲಿಯುವವರ ಲೆಕ್ಕವೂ ಇರಲಿ. ಕನ್ನಡದ ಪತ್ರಿಕೆಗಳು, ಜಾಲತಾಣಗಳು ಕಥೆಗೆ ಚಿತ್ರ ಬೇಕಾದಾಗ ಯಂತ್ರವನ್ನು ಕೇಳುವ ಮೊದಲು ಒಬ್ಬ ವಿದ್ಯಾರ್ಥಿಯನ್ನು ಕೇಳಲಿ. ಕಲಾ ಕಾಲೇಜುಗಳು ಒಂದು ತಿಂಗಳಾದರೂ ನಮ್ಮನ್ನು ತೊಗಲುಗೊಂಬೆಯವರ ಪರದೆಯ ಹಿಂದೆ ಕೂರಿಸಲಿ, ಅವರಿಗೆ ಮೇಷ್ಟ್ರ ಸಂಬಳ ಕೊಟ್ಟು.

ಕಳೆದ ತಿಂಗಳು ಊರಿಗೆ ಹೋಗಿದ್ದಾಗ ಅವ್ವ ಜೋಳದ ರೊಟ್ಟಿ ಬಡಿಯುವುದನ್ನು ಕೂತು ಬರೆದೆ. ಮೂರು ಸೆಕೆಂಡು, 36 ಚಿತ್ರ. ನಾಲ್ಕು ದಿನ ಹಿಡಿಯಿತು. ಮೊಬೈಲಿನಲ್ಲಿ ಓಡಿಸಿ ಅವ್ವನಿಗೆ ತೋರಿಸಿದೆ. ಅವಳು ಎರಡು ಸಲ ನೋಡಿ ಅಂದಳು, “ಬಡ್ಯಾಕತ್ತೀನಿ ಖರೆ, ರೊಟ್ಟಿ ತಿರಗವಲ್ದಲ್ಲ. ಹಿಂಗ ಒಂದ ಕಡೆ ಬಡದ್ರ ಹರಿತೈತಿ.”

ಹೌದು, ಬಲಗೈ ಬಡಿಯುವಾಗ ಎಡಗೈ ರೊಟ್ಟಿಯನ್ನು ಒಂದೊಂದು ಚೂರು ತಿರುಗಿಸುತ್ತಿರುತ್ತದೆ. ಇಪ್ಪತ್ತು ವರ್ಷ ಆ ರೊಟ್ಟಿ ತಿಂದವಳು ನಾನು, ನೋಡಿರಲಿಲ್ಲ. 36 ಹಾಳೆಯನ್ನೂ ಪಕ್ಕಕ್ಕಿಟ್ಟು ಮೊದಲಿನಿಂದ ಬರೆಯುತ್ತಿದ್ದೇನೆ. ಮುಗಿದ ಮೇಲೆ ಮನೆಯ ಗುಂಪಿಗೆ ಹಾಕುತ್ತೇನೆ. ಅಪ್ಪ ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ಆದರೆ ನಾಲ್ಕು ವರ್ಷ ಏನು ಕಲಿಯುತ್ತೀ ಅಂತ ಅಣ್ಣ ಕೇಳಿದ್ದನಲ್ಲ, ಅವನಿಗೆ ತೋರಿಸಲು ಏನಾದರೂ ಇರುತ್ತದೆ.