ಯಾವ ಹಡಗಿನ ತೈಲ ಮೊದಲು?

ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿಗೆ ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸುವ ಸಾಮರ್ಥ್ಯ ಇದೆ. ಹಡಗು ಬಂತು, ತೈಲ ಇಳಿಸಿದ್ರು, ಕಾಯಿಸಿದ್ರು, ಪೆಟ್ರೋಲ್ ಬಂತು ಅಂದುಕೊಂಡರೆ ಎಲ್ಲಾ ಸುಲಭ. ಆದರೆ ಯಾವುದೇ ರಿಫೈನರಿಯನ್ನು ಕೇಳಿ, ದಿನನಿತ್ಯದ ತಲೆನೋವು 'ಯಾವುದು ಮೊದಲು' ಅನ್ನೋದೇ.

ಯಾಕೆ ಅಂತೀರಾ? ಒಂದು ಹಡಗಿನ ತೈಲದಲ್ಲಿ ಗಂಧಕ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ಹದವಾಗಿ ಬೆರೆಸಿಯೇ ಬಟ್ಟಿ ಇಳಿಸುವ ಘಟಕಕ್ಕೆ ಕೊಡಬೇಕು. ಈಗಷ್ಟೇ ತುಂಬಿಸಿದ ಟ್ಯಾಂಕನ್ನು ತಕ್ಷಣ ಬಳಸುವಂತಿಲ್ಲ. ತೈಲದಲ್ಲಿರುವ ನೀರು ತಳಕ್ಕೆ ಇಳಿಯಲು ಸಮಯ ಕೊಡಬೇಕು. ಟ್ಯಾಂಕ್ ಖಾಲಿ ಇಲ್ಲದಿದ್ದರೆ ಹಡಗು ಸಮುದ್ರದಲ್ಲೇ ಕಾಯುತ್ತೆ, ಹೆಚ್ಚುವರಿ ಕಾದಿದ್ದಕ್ಕೆ ಡೆಮರೇಜ್ ಕಟ್ಟಬೇಕು. ಇತ್ತ ಘಟಕ ಹಗಲೂ ರಾತ್ರಿ ಓಡುತ್ತಲೇ ಇರಬೇಕು.

ಕಂಪ್ಯೂಟರಿನಲ್ಲಿ ಎಲ್ಲಾ ಸಾಧ್ಯತೆಗಳನ್ನೂ ನೋಡಿಬಿಟ್ಟರೆ ಆಯ್ತಲ್ಲ? ಲೆಕ್ಕ ಹಾಕಿ. 10 ಹಡಗುಗಳ ತೈಲವನ್ನು ಒಂದರ ನಂತರ ಒಂದು ಬಳಸಲು 36,28,800 ಸರದಿಗಳಿವೆ. ಒಂದೊಂದನ್ನು ಪರೀಕ್ಷಿಸಲು ಒಂದು ಸೆಕೆಂಡ್ ಹಿಡಿದರೂ 42 ದಿನ! ಯಾವ ಟ್ಯಾಂಕಿಗೆ ಎಷ್ಟು ಅನ್ನೋ ಪ್ರಶ್ನೆ ಇನ್ನೂ ಬಂದೇ ಇಲ್ಲ.

ಇಲ್ಲಿ ನೆರವಿಗೆ ಬರೋದು ವಿಕಾಸವಾದಿ ಅಲ್ಗಾರಿದಮ್. ಇದರಲ್ಲಿ ಹೆಸರಾದ ಜೆನೆಟಿಕ್ ಅಲ್ಗಾರಿದಮ್‌ಗೆ ತಳಹದಿ ಹಾಕಿದವರು ಅಮೆರಿಕದ ಜಾನ್ ಹಾಲೆಂಡ್. ಅವರ ಪುಸ್ತಕ ಬಂದದ್ದು 1975ರಲ್ಲಿ. ವಿಧಾನ ಸರಳ. ಮೊದಲು ನೂರಾರು ವೇಳಾಪಟ್ಟಿಗಳನ್ನು ಸುಮ್ಮನೆ ಹುಟ್ಟಿಸಿ. ಡೆಮರೇಜ್ ಎಷ್ಟು, ಘಟಕ ನಿಂತಿತಾ, ಮಿಶ್ರಣ ಹದ ತಪ್ಪಿತಾ ಅಂತ ನೋಡಿ ಪ್ರತಿಯೊಂದಕ್ಕೂ ಅಂಕ ಕೊಡಿ. ಒಳ್ಳೆ ಅಂಕ ಪಡೆದವುಗಳನ್ನು ಜೋಡಿ ಮಾಡಿ 'ಮಕ್ಕಳನ್ನು' ಪಡೆಯಿರಿ. ಅಲ್ಲಲ್ಲಿ ಒಂದೆರಡು ಸ್ಥಾನ ಅದಲುಬದಲು ಮಾಡಿ, ಇದೇ ಮ್ಯುಟೇಶನ್. ಇದನ್ನೇ ಪೀಳಿಗೆಯಿಂದ ಪೀಳಿಗೆಗೆ ಮುಂದುವರಿಸಿ.

ಆದರೆ ಜೋಡಿ ಮಾಡುವಾಗ ಹುಷಾರು! ತಂದೆ 1-2-3-4-5, ತಾಯಿ 5-3-1-4-2 ಅಂತಿಟ್ಟುಕೊಳ್ಳಿ. ತಂದೆಯ ಮೊದಲ ಮೂರು, ತಾಯಿಯ ಕೊನೆಯ ಎರಡು ಸೇರಿಸಿದರೆ 1-2-3-4-2 ಆಗುತ್ತೆ. ಎರಡನೇ ಹಡಗು ಎರಡು ಸಲ ಬಂತು, ಐದನೆಯದು ಮಾಯ! ಅದಕ್ಕೇ ತಂದೆಯಿಂದ 1-2-3 ತಗೊಂಡು, ಉಳಿದ ಹಡಗುಗಳನ್ನು ತಾಯಿಯಲ್ಲಿರುವ ಕ್ರಮದಲ್ಲೇ ತುಂಬುತ್ತಾರೆ. ಆಗ ಸಿಗೋದು 1-2-3-5-4. ಹಡಗುಗಳೆಲ್ಲ ಇವೆ, ಸರದಿ ಮಾತ್ರ ಹೊಸದು. ಹಾಗೆಯೇ, ತುಂಬುತ್ತಿರುವ ಟ್ಯಾಂಕಿನಿಂದಲೇ ತೈಲ ತೆಗೆಯುವಂಥ ಪಟ್ಟಿ ಹುಟ್ಟಿದರೆ ಅದನ್ನು ತಿದ್ದಬೇಕು, ಇಲ್ಲವೇ ಅಂಕ ಕಡಿತ ಮಾಡಬೇಕು.

ಇದೇ ಅತ್ಯುತ್ತಮ ಪಟ್ಟಿ ಅಂತ ಈ ಅಲ್ಗಾರಿದಮ್ ಗ್ಯಾರಂಟಿ ಕೊಡೋದಿಲ್ಲ. ಹಡಗು ತಡವಾದಾಗ, ಪಂಪ್ ಕೆಟ್ಟಾಗ, ಇರುವ ಸಮಯದಲ್ಲಿ ಕೆಲಸಕ್ಕೆ ಬರುವ ಇನ್ನೊಂದು ಪಟ್ಟಿ ಹುಡುಕಿಕೊಡುತ್ತೆ, ಅಷ್ಟೆ. ಅದು ಕಲಿಯೋದು ನಾವು ಕೊಟ್ಟ ಅಂಕಗಳಿಂದ ಮಾತ್ರ. ನೀರು ಇಳಿಯುವ ಸಮಯವನ್ನು ನಾವೇ ಮರೆತರೆ, ನೀರು ತುಂಬಿದ ತೈಲವನ್ನು ಘಟಕಕ್ಕೆ ಕಳಿಸುವ ಪಟ್ಟಿಗೇ ಮೊದಲ ರ‍್ಯಾಂಕ್ ಬಂದೀತು! ಹಾಗಾಗಿ ಪ್ರಾಜೆಕ್ಟಿಗೆ ಈ ವಿಷಯ ತಗೊಳ್ಳುವವರು ಕೋಡ್ ಬರೆಯೋಕೆ ಮುಂಚೆ ಟ್ಯಾಂಕ್ ಹೇಗೆ ಕೆಲಸ ಮಾಡುತ್ತೆ ಅಂತ ಕೆಮಿಕಲ್ ವಿಭಾಗದ ಗೆಳೆಯರನ್ನು ಒಮ್ಮೆ ಕೇಳಿ.